ಹಂದಿ ಅಡ್ಡ ಬಂತು

ಬೆಳ್ಳಿಯ ಮಗಳಿಗೆ ಜೀಪು ಗುದ್ದಿದ ಹೊತ್ತಿಗೆ ಬೆಳ್ಳಿ ಕಾಫಿ ಕುಯ್ಯುತ್ತಿದ್ದಳು. ಜೀಪು ಯಾರದೋ, ಕಾಫಿಯೂ ಅವರ ತೋಟದ್ದೇ. ಸೊಂಟಕ್ಕೆ ಚೀಲ. ಕುತ್ತಿಗೆಯ ಮೇಲೆ ಕೆಂಪಿರುವೆ. ಒಂದು ಕೈಯಲ್ಲಿ ಕೊಂಬೆ ಬಗ್ಗಿಸಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಹಣ್ಣು ಎಳೆಯಬೇಕು. ಇರುವೆ ಕಚ್ಚಿತೆಂದು ಕೈ ಬಿಟ್ಟರೆ ಕೊಂಬೆ ಚಿಮ್ಮಿ ಮುಖಕ್ಕೆ ಬಡಿಯುತ್ತದೆ, ಹಣ್ಣು ನೆಲಕ್ಕೆ ಉದುರುತ್ತದೆ, ಆಳುಗಳ ಲೆಕ್ಕ ಬರೆಯುವ ತೋಟದ ರೈಟರ್ ಜಯಪ್ರಕಾಶ್ ಬಾಯಿಗೆ ಬಂದಂತೆ ಬೈಯುತ್ತಾನೆ. ಅದಕ್ಕೆ ಕಚ್ಚಿಸಿಕೊಂಡೇ ಕುಯ್ಯಬೇಕು. ಬೆಳ್ಳಿಯ ಅವ್ವನೂ ಇದೇ ತೋಟದಲ್ಲಿ ಹೀಗೇ ಕುಯ್ದು ಹೀಗೇ ಸತ್ತವಳು. ಬೆಳ್ಳಿಯ ಕುಲದವರಾದ ಎರವರ ಕೈ ಇಲ್ಲದೆ ಈ ತೋಟದಲ್ಲಿ ಒಂದು ಹಣ್ಣೂ ಚೀಲಕ್ಕೆ ಬಿದ್ದದ್ದಿಲ್ಲ. ಎರವರ ಹೆಸರಲ್ಲಿ ಒಂದು ಹಿಡಿ ಮಣ್ಣೂ ಇಲ್ಲ.

ರಸ್ತೆ ಕಡೆಯಿಂದ ಮಹಾದೇವಮ್ಮ ಓಡಿ ಬಂದಳು. ಶ್ರೀಮಂಗಲದ ರಸ್ತೆಯ ತಿರುವಿನಲ್ಲಿ ಗೂಡಂಗಡಿ ಇಟ್ಟುಕೊಂಡು ಚಹಾ ಮಾರುವವಳು, ಮೈಸೂರು ಕಡೆಯಿಂದ ಬಂದು ನೆಲೆಸಿದವಳು. ಓಡಿ ಅಭ್ಯಾಸವಿಲ್ಲದ ದಪ್ಪ ಮೈ. ಬೇಲಿ ಹಿಡಿದುಕೊಂಡು ನಿಂತಳು.

"ಬೆಳ್ಳಿ, ಬಾರವ್ವ ಬ್ಯಾಗ. ನಿನ್ ಮಗೀಗೆ ಗಾಡಿ ಗುದ್ ಬುಡ್ತು."

ಬೆಳ್ಳಿ ಚೀಲ ಬಿಚ್ಚಲಿಲ್ಲ. ಹಾಗೇ ಓಡಿದಳು. ಮಗಳು ರಶ್ಮಿತಾ ರಸ್ತೆ ಬದಿಯ ಚರಂಡಿಯಲ್ಲಿ ಬಿದ್ದಿದ್ದಳು. ನಾಲ್ಕನೇ ಕ್ಲಾಸಿನ ಹುಡುಗಿ. ಸ್ಕೂಲು ಬ್ಯಾಗು ಇನ್ನೂ ಬೆನ್ನಿಗೇ ಇತ್ತು. ಎಡಗಾಲು ಮಂಡಿಯ ಕೆಳಗೆ, ಕೀಲಿಲ್ಲದ ಕಡೆ ಮಡಚಿಕೊಂಡಿತ್ತು. ತಲೆ ಒಡೆದು ರಕ್ತ ಕಿವಿಯವರೆಗೆ ಇಳಿದಿತ್ತು. ಕಣ್ಣು ತೆರೆದೇ ಇತ್ತು. ಅಳುತ್ತಿರಲಿಲ್ಲ. ಅದನ್ನು ನೋಡಿ ಬೆಳ್ಳಿಗೆ ಹೆದರಿಕೆಯಾಯಿತು.

"ಯಾರು?" ಎಂದಳು.

"ನಿಮ್ ಸಾವ್ಕಾರ್ರ ಜೀಪು ಕಣವ್ವ. ಮಗ, ಆ ಅಭಿಲಾಷು. ಇಳ್ದ, ನೋಡ್ದ, ಹತ್ಕಂಡು ಹೊಂಟೋದ. ನನ್ ಕಣ್ಣಾರೆ ನೋಡ್ದೆ."

ಬೆಳ್ಳಿ ಮಗಳನ್ನು ಎದೆಗೆ ಒತ್ತಿಕೊಂಡು ರಸ್ತೆಯ ನಡುವೆ ನಿಂತಳು. ಹೋಮ್‌ಸ್ಟೇಗೆ ಬಂದವರ ಕಾರುಗಳು ಬಂದವು. ಒಂದು ಸುತ್ತು ಬಳಸಿ ಹೋಯಿತು. ಇನ್ನೊಂದು ನಿಧಾನ ಮಾಡಿತು. ಕಿಟಕಿಯಿಂದ ಒಂದು ಫೋನು ಹೊರಬಂತು, ಫೋಟೊ ತೆಗೆಯಿತು, ಒಳಗೆ ಹೋಯಿತು. ಕಾರೂ ಹೋಯಿತು. ಕೊನೆಗೆ ಬಾಳೆಗೊನೆ ತುಂಬಿದ್ದ ಒಂದು ಗೂಡ್ಸ್ ಆಟೋದವನು ನಿಲ್ಲಿಸಿದ. ಗೊನೆಗಳನ್ನು ಎತ್ತಿ ರಸ್ತೆ ಬದಿಗೆ ಹಾಕಿದ. ಇವರನ್ನು ಹತ್ತಿಸಿಕೊಂಡ. ಅವನ ಹೆಸರು ಏನೆಂದು ಬೆಳ್ಳಿ ಕೇಳಲೇ ಇಲ್ಲ.

ಗಂಡ ನಿಂಗ ಆಸ್ಪತ್ರೆಗೆ ಬಂದಾಗ ಕತ್ತಲಾಗಿತ್ತು. ಅವನು ಸಾವ್ಕಾರರ ಬಂಗಲೆಯಲ್ಲಿ ಹೊರಗಿನ ಕೆಲಸದ ಆಳು. ಹುಲ್ಲು ಕತ್ತರಿಸುವುದು, ನಾಯಿಗೆ ಅನ್ನ ಹಾಕುವುದು, ಜೀಪು ತೊಳೆಯುವುದು. ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಗಿತ್ತು. ಮೈಯಿಂದ ಸೋಪಿನ ಪುಡಿಯ ವಾಸನೆ ಬರುತ್ತಿತ್ತು. ಮಗಳನ್ನು ನೋಡಿದ. ಅವಳ ತಲೆಯ ಪಟ್ಟಿಯನ್ನು ನೋಡಿದ. ಹೊರಗೆ ಹೋಗಿ ವಾಂತಿ ಮಾಡಿಕೊಂಡ. ಗಂಡಸಿಗೆ ರಕ್ತ ನೋಡಿ ಆಗದು ಎಂದುಕೊಂಡಳು ಬೆಳ್ಳಿ. ನಿಜ ತಿಳಿದ ಮೇಲೆ, ಹಾಗೆಂದುಕೊಂಡದ್ದಕ್ಕೆ ತನ್ನನ್ನೇ ಉಗಿದುಕೊಂಡಳು.

ಮಡಿಕೇರಿಯ ದೊಡ್ಡಾಸ್ಪತ್ರೆಯಲ್ಲಿ ಕಾಲಿಗೆ ಆಪರೇಷನ್ ಎಂದರು. ಮೂಳೆ ಚೂರಾಗಿದೆ, ಹೊರಗಿನಿಂದ ಕಂಬಿ ಕೂರಿಸಬೇಕು ಎಂದರು. ಕೂರಿಸಿದರು. ಮಗುವಿನ ಕಾಲಿನ ಸುತ್ತ ಕಬ್ಬಿಣದ ಪಂಜರ ನಿಂತಿತು. ಕಂಬಿಗಳು ಚರ್ಮ ತೂರಿ ಒಳಗೆ ಹೋಗಿದ್ದವು. ಎಚ್ಚರವಾದ ಮೇಲೆ ರಶ್ಮಿತಾ ಮೊದಲು ಕೇಳಿದ್ದು ನೀರು. ಆಮೇಲೆ ಹೇಳಿದಳು.

"ಅವ್ವ, ಅಣ್ಣ ಇಳಿದು ಬಂದಿತ್ತು."

"ಯಾವ ಅಣ್ಣ?"

"ಬಂಗಲೆ ಅಣ್ಣ. ಎತ್ತುತ್ತೆ ಅಂತ ಕೈ ಕೊಟ್ಟೆ. ಫೋನಲ್ಲಿ ಹೇಳ್ತು, ಎಂತ ಇಲ್ಲ, ಲೈನಿಂದು ಅಂತ. ಹೋಯ್ತು."

ಬೆಳ್ಳಿ ಮಗಳ ಬಾಯಿ ಒರೆಸಿದಳು. ಅದೇ ಮಾತನ್ನು ಮತ್ತೆ ಹೇಳಿಸಿದಳು. ಮಗು ಅದೇ ಮಾತನ್ನು ಹಾಗೇ ಹೇಳಿತು. ಎಂತ ಇಲ್ಲ, ಲೈನಿಂದು. ಲೈನೆಂದರೆ ತೋಟದ ಆಳುಗಳ ಸಾಲುಮನೆ. ರಸ್ತೆಯಲ್ಲಿ ನಾಯಿ ಸತ್ತರೆ ಯಾರ ಮನೆಯದು ಎಂದು ಕೇಳಿಯಾದರೂ ಹೋಗುತ್ತಾರೆ. ಇವನು ಇಳಿದು ನೋಡಿದ್ದಾನೆ, ಯಾರ ಮನೆಯದೆಂದು ಗುರುತು ಹಿಡಿದಿದ್ದಾನೆ, ಗುರುತು ಸಿಕ್ಕಿದ್ದಕ್ಕೇ ಹೋಗಿದ್ದಾನೆ.

ಪೊಲೀಸ್ ಬಂತು. ಹೆಡ್ ಕಾನ್‌ಸ್ಟೇಬಲ್ ನಂಜಪ್ಪ. ಕುರ್ಚಿ ಎಳೆದುಕೊಂಡು ಕೂತ. ಬೆಳ್ಳಿ ನಿಂತಿದ್ದಳು.

"ಗಾಡಿ ನಂಬರ್ ಎಷ್ಟಮ್ಮ?"

"ನಮ್ ಸಾವ್ಕಾರ್ ಮೊಣ್ಣಪ್ಪನೋರ ಜೀಪು ಸಾರ್."

"ನಂಬರ್ ಕೇಳಿದ್ದು. ನೀನು ನೋಡಿದ್ಯ?"

"ಮಹಾದೇವಮ್ಮ ನೋಡಿದಾರೆ. ನನ್ ಮಗಳು ನೋಡಿದಾಳೆ."

"ಮಗು ತಲೆಗೆ ಪೆಟ್ಟಾಗಿದೆ. ಅದು ಏನಾದ್ರೂ ಹೇಳುತ್ತೆ. ಆ ಹೋಟ್ಲಮ್ಮನ್ನ ಕೇಳಿ ಬಂದೆ. ಒಳಗೆ ಟೀ ಸೋಸ್ತಿದ್ದೆ, ಸದ್ದು ಕೇಳಿ ಹೊರಗೆ ಬಂದೆ, ಯಾವ ಗಾಡೀನೂ ಕಾಣ್ಲಿಲ್ಲ ಅಂದ್ಳು. ನೋಡದೇ ಇರೋದನ್ನ ದೊಡ್ಡವರ ಮೇಲೆ ಹಾಕಬಾರ್ದು. ತಂದೆ ತಾಯಿ ಆದೋರು ಮೊದಲು ನಂಬರ್ ನೋಡ್ಕೊಬೇಕು. ತಿಳೀತಾ?"

ಮಗಳ ರಕ್ತ ಕೈಯಲ್ಲಿ ಹಿಡಿದುಕೊಂಡು ನಂಬರ್ ನೋಡಿಕೊಳ್ಳಬೇಕಿತ್ತು. ನಂಜಪ್ಪ 'ಅಪರಿಚಿತ ವಾಹನ' ಎಂದು ಬರೆದುಕೊಂಡು ಹೋದ. ಶ್ರೀಮಂಗಲದ ದನ ಕಾಯುವ ಹುಡುಗರಿಗೂ ಗೊತ್ತಿದ್ದ ಜೀಪು ಠಾಣೆಯಲ್ಲಿ ಮಾತ್ರ ಅಪರಿಚಿತವಾಯಿತು.

ಹೆತ್ತವರು ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಆ ಆಸ್ಪತ್ರೆಯಲ್ಲಿ ಇಬ್ಬರೇ, ಬೆಳ್ಳಿ ಮತ್ತು ನಿಂಗ. ಹಲಗೆಯ ಮೇಲೆ ಮಲಗಿಸಿ ತರಬೇಕಿತ್ತು, ಹಾಗೆ ಎದೆಗೆ ಅವಚಿಕೊಂಡು ಯಾರಾದರೂ ತರುತ್ತಾರಾ ಎಂದಳು ನರ್ಸು. ದೇವರಿಗೆ ಹರಕೆ ಹೊತ್ತುಕೊಳ್ಳಿ ಎಂದಳು ಪಕ್ಕದ ಮಂಚದವಳು. ಯಾವುದೋ ಸಂಘದವರೆಂದು ಹೆಗಲಿಗೆ ಶಾಲು ಹಾಕಿದ್ದ ಇಬ್ಬರು ಬಂದರು. ನೀವು ಹೆದರಬೇಡಿ, ಹೋರಾಟ ನಮಗೆ ಬಿಡಿ ಎಂದರು. ಮಗುವಿನ ಕಾಲಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಮತ್ತೆ ಮುಖ ತೋರಿಸಲಿಲ್ಲ. ರೈಟರ್ ಜಯಪ್ರಕಾಶ್ ಬಂದ. ಬ್ರೆಡ್ಡು ತಂದಿದ್ದ. ನಿಂಗನನ್ನು ಹೊರಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದ. ಒಳಗೆ ಬಂದ ನಿಂಗನ ಮುಖ ಬೂದಿಯಾಗಿತ್ತು. ಏನಂದ ಎಂದು ಬೆಳ್ಳಿ ಕೇಳಿದರೆ, ಎಂತ ಇಲ್ಲ ಎಂದ. ಮಗಳು ಹೇಳಿದ ಅದೇ ಎರಡು ಮಾತು. ಬೆಳ್ಳಿಯ ಮೈ ಉರಿಯಿತು.

ಲೈನ್ ಮನೆಗಳು ರಸ್ತೆಯಿಂದ ಕೆಳಗೆ ತಗ್ಗಿನಲ್ಲಿವೆ. ಮಣ್ಣಿನಲ್ಲಿ ಕಡಿದ ಮೆಟ್ಟಿಲು. ಮಂಜು ಬಿದ್ದರೆ ಜಾರುತ್ತದೆ. ಆಸ್ಪತ್ರೆಯಿಂದ ಬಂದ ಮೇಲೆ ಬೆಳ್ಳಿ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಆ ಮೆಟ್ಟಿಲು ಹತ್ತಿದಳು, ಇಳಿದಳು. ಪಟ್ಟಿ ಬದಲಿಸಲು ಆಸ್ಪತ್ರೆಗೆ ಹೋಗಬೇಕು, ಎಕ್ಸ್‌ರೇಗೆ ಹೋಗಬೇಕು. ಕಬ್ಬಿಣದ ಪಂಜರ ಅವಳ ತೊಡೆಗೆ ಬಡಿದು ಬಡಿದು ಅಲ್ಲಿ ಕಪ್ಪು ಕಟ್ಟಿತು. ಮನೆಯಲ್ಲಿ ಉಪ್ಪುನೀರು ಕಾಯಿಸಿ ಆರಿಸಿ, ಹತ್ತಿ ಅದ್ದಿ, ಕಂಬಿ ಚರ್ಮ ಹೊಕ್ಕ ಒಂದೊಂದು ಕಡೆಯೂ ಒರೆಸಬೇಕು. ಕೀವು ಕಂಡರೆ ಒತ್ತಿ ತೆಗೆಯಬೇಕು. ಮಗು ಬೆಳ್ಳಿಯ ಕೂದಲು ಹಿಡಿದುಕೊಳ್ಳುತ್ತಿತ್ತು. ಕೂಗಿಕೋ ಎಂದರೂ ಕೂಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಬಂಗಲೆಯ ಮುಂದೆ ಹಾದು ಹೋಗಬೇಕಾಯಿತು. ಅಂಗಳದಲ್ಲಿ ಜೀಪು ನಿಂತಿತ್ತು. ಮುಂದುಗಡೆ ಹೊಸ ಬಂಪರ್ ಹಾಕಿಸಿದ್ದರು, ಮಿರಮಿರ ಮಿಂಚುತ್ತಿತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನಿಂಗ ಬಟ್ಟೆಯಿಂದ ಉಜ್ಜುತ್ತಿದ್ದ. ಮಗಳು ಜೀಪು ನೋಡಿದವಳೇ ಮುಖವನ್ನು ಬೆಳ್ಳಿಯ ಕುತ್ತಿಗೆಯಲ್ಲಿ ಹುಗಿದುಕೊಂಡಳು. ಬೆಚ್ಚಗೆ ಏನೋ ಬೆಳ್ಳಿಯ ಸೀರೆಯ ಮೇಲೆ ಇಳಿಯಿತು. ಮಗು ಉಚ್ಚೆ ಹೊಯ್ದುಕೊಂಡಿತ್ತು. ನಿಂಗ ತಲೆ ಎತ್ತಿ ಇಬ್ಬರನ್ನೂ ನೋಡಿದ. ತಲೆ ತಗ್ಗಿಸಿ ಮತ್ತೆ ಉಜ್ಜಿದ.

ಸಂಜೆ ಅವನು ಮನೆಗೆ ಬಂದಾಗ ಬೆಳ್ಳಿ ಬಾಗಿಲಲ್ಲೇ ನಿಂತಿದ್ದಳು.

"ಯಾವ ಜೀಪು ಅಂತ ಗೊತ್ತಿದ್ದೂ ತೊಳೀತೀಯ?"

"ಕೆಲಸ ಅಲ್ವ."

"ನಾಚಿಕೆ ಆಗಲ್ವ ನಿಂಗೆ?"

ನಿಂಗ ಜಗಲಿಯ ಮೇಲೆ ಕುಸಿದು ಕೂತ. ಎರಡೂ ಕೈಯನ್ನು ಮುಂದೆ ಚಾಚಿ ನೋಡಿಕೊಂಡ. ಆಮೇಲೆ ಹೇಳಿದ.

"ಅವತ್ತೂ ನಾನೇ ತೊಳೆದದ್ದು."

ಬೆಳ್ಳಿಗೆ ಅರ್ಥವಾಗಲಿಲ್ಲ.

"ಸ್ಕೂಲ್ ಬಿಡೋ ಹೊತ್ತು. ಚಿಕ್ಕ ಸಾವ್ಕಾರ್ರು ಜೀಪು ತಂದು ನಿಲ್ಸಿ ಒಳಗೆ ಹೋದ್ರು. ದೊಡ್ಡವರು ಹೊರಗೆ ಬಂದ್ರು. ಮುಂದುಗಡೆ ನೋಡಿದ್ರು. ಹಂದಿ ಅಡ್ಡ ಬಂತಂತೆ ನಿಂಗ, ಈಗ್ಲೇ ತೊಳಿ ಅಂದ್ರು. ಪೈಪು ಹಿಡಿದೆ. ಸೋಪು ಹಾಕಿ ಉಜ್ಜಿದೆ. ದೊಡ್ಡವರು ಪಕ್ಕದಲ್ಲೇ ನಿಂತು, ಇಲ್ಲುಂಟು, ಅಲ್ಲುಂಟು ಅಂತ ತೋರಿಸ್ತಾ ಇದ್ರು. ನಂಬರ್ ಪ್ಲೇಟಿನ ಹತ್ರ ಕೂದಲು ಸಿಕ್ಕಿತ್ತು. ಬೆರಳಲ್ಲಿ ಕಿತ್ತು ಹಾಕಿದೆ."

ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಉದ್ದ ಇತ್ತು ಕೂದಲು," ಎಂದ ನಿಂಗ.

ಲೈನಿನ ಇನ್ನೊಂದು ತುದಿಯಲ್ಲಿ ಯಾರೋ ಪಾತ್ರೆ ಬೆಳಗುತ್ತಿದ್ದರು. ಬೆಳ್ಳಿ ಬಾಗಿಲು ಬಿಟ್ಟು ಅವನ ಎದುರಿಗೆ ಬಂದು ನಿಂತಳು.

"ಅವರ ಮನೆ ಮದುವೇಲಿ ಎಷ್ಟು ಹಂದಿ ಕೊಯ್ದಿದೀಯ ನೀನು? ಎಷ್ಟು ಹಂದಿ ಸುಟ್ಟು ಹೆರೆದಿದೀಯ? ಹಂದಿ ಕೂದಲು ಯಾವ್ದು, ಮನುಷ್ಯರ ಕೂದಲು ಯಾವ್ದು ಗೊತ್ತಾಗ್ಲಿಲ್ವ?"

"ಗೊತ್ತಾಗೋ ಹಂಗೆ ನೋಡ್ಲಿಲ್ಲ ಬೆಳ್ಳಿ. ಅವರು ಹಂದಿ ಅಂದ್ರು. ನಾನು ಹಂದಿ ಅಂದ್ಕೊಂಡೆ."

"ಆಮೇಲೆ? ಆಸ್ಪತ್ರೆಗೆ ಬಂದು ನೋಡಿದ ಮೇಲೆ?"

"ರೈಟ್ರು ಹೇಳಿದ್ರು. ರಕ್ತ ತೊಳೆದವನು ನೀನು, ಸಾಕ್ಷಿ ಅಳಿಸಿದವನು ನೀನು. ಕೇಸು ಅಂತ ಹೋದ್ರೆ ಮೊದಲು ಒಳಗೆ ಹೋಗೋದು ನೀನು. ಆಮೇಲೆ ಹೆಂಡ್ತಿ ಮಕ್ಕಳನ್ನ ಯಾರು ನೋಡ್ತಾರೆ ಅಂತ."

ಬೆಳ್ಳಿ ನಕ್ಕಳು. ಅದು ನಗುವಲ್ಲ, ಮೂಗಿನಿಂದ ಗಾಳಿ ಬಂದದ್ದು.

"ಇಷ್ಟು ದಿನ ನೋಡಿದೀಯಲ್ಲ, ಬಹಳ ನೋಡಿದೀಯ."

ಆ ದಿನದಿಂದ ಅವಳು ನಿಂಗನಿಗೆ ಅನ್ನ ಬಡಿಸಿಟ್ಟು ಎದ್ದು ಹೋಗುತ್ತಿದ್ದಳು. ಅವನು ಮಗಳನ್ನು ಎತ್ತಿಕೊಳ್ಳಲು ಬಂದರೆ ಕೈ ತಟ್ಟಿ ಹಾಕುತ್ತಿದ್ದಳು. ಬಂಗಲೆಯವರು ತುಳಿದದ್ದು ಹಳೆಯ ಸಂಗತಿ. ತುಳಿದ ಕಾಲು ಕೊಳೆಯಾಯಿತೆಂದು ತೊಳೆದುಕೊಟ್ಟ ಗಂಡ ತನ್ನ ಪಕ್ಕದಲ್ಲೇ ಮಲಗುತ್ತಾನಲ್ಲ ಎಂದು ಅವಳಿಗೆ ಹೇಸಿಗೆಯಾಗುತ್ತಿತ್ತು. ಕೆಲವೊಮ್ಮೆ ಅವನು ನಲ್ಲಿಯ ಬಳಿ ನಿಂತು ಬೆರಳುಗಳ ಸಂದಿಯನ್ನು ಕಲ್ಲಿಗೆ ಉಜ್ಜಿಕೊಳ್ಳುವುದು ಕಾಣುತ್ತಿತ್ತು. ಉಜ್ಜಿಕೋ ಎಂದುಕೊಳ್ಳುತ್ತಿದ್ದಳು. ಚರ್ಮ ಹೋಗುವವರೆಗೆ ಉಜ್ಜಿಕೋ.

ಜನವರಿ ಕೊನೆಯಲ್ಲಿ ಶಾಲೆಯ ಟೀಚರ್ ಸುಮಿತಾ ಲೈನಿಗೆ ಬಂದಳು. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದಳು. ಒಳ್ಳೆಯ ಹುಡುಗಿ. ರಶ್ಮಿತಾಗೆ ಬಣ್ಣದ ಪೆನ್ಸಿಲು ತಂದಿದ್ದಳು.

"ಬೆಳ್ಳಿ, ಶಾಲೇಲಿ ರಸ್ತೆ ಸುರಕ್ಷತೆ ಕಾರ್ಯಕ್ರಮ ಉಂಟು. ಮೊಣ್ಣಪ್ಪ ಸಾರ್ ರಶ್ಮಿತಾಗೆ ವೀಲ್‌ಚೇರ್ ಕೊಡ್ತಾರಂತೆ. ನೀವು ಮಗೂನ ಕರ್ಕೊಂಡು ಸ್ಟೇಜಿಗೆ ಬಂದು ಒಂದು ನಮಸ್ಕಾರ ಮಾಡಿದ್ರೆ ಸಾಕು."

ಬೆಳ್ಳಿ ಮೆಟ್ಟಿಲ ಕಡೆ ನೋಡಿದಳು. ಟೀಚರೂ ನೋಡಿದಳು. ಮಣ್ಣಿನ ಆ ಮೆಟ್ಟಿಲಿನಲ್ಲಿ ಗಾಲಿ ಎಲ್ಲಿ ಉರುಳುತ್ತದೆ ಎಂದು ಇಬ್ಬರೂ ಕೇಳಲಿಲ್ಲ.

"ಟೀಚರ್, ಗುದ್ದಿದ್ದು ಯಾರು ಅಂತ ನಿಮಗೆ ಗೊತ್ತಲ್ವ?"

ಸುಮಿತಾ ಪೆನ್ಸಿಲು ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು. "ನಾನು ಪರ್ಮನೆಂಟ್ ಅಲ್ಲ ಬೆಳ್ಳಿ. ಶಾಲೆ ಸಮಿತಿಗೆ ಅವರೇ ದೊಡ್ಡವರು," ಎಂದಳು.

"ಬರ್ತೀನಿ," ಎಂದಳು ಬೆಳ್ಳಿ. ಅವಳ ತಲೆಯಲ್ಲಿ ಯಾವ ಲೆಕ್ಕಾಚಾರವೂ ಇರಲಿಲ್ಲ. ಆ ಮನುಷ್ಯನ ಮುಖವನ್ನು ಒಮ್ಮೆ ಹತ್ತಿರದಿಂದ ನೋಡಬೇಕಿತ್ತು, ಅಷ್ಟೆ.

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮಕ್ಕಳು ನೆಲದ ಮೇಲೆ. ಹೆತ್ತವರು ಹಿಂದೆ. ಸ್ಟೇಜಿನ ಮೇಲೆ ಮೊಣ್ಣಪ್ಪ, ಹೆಡ್‌ಮಾಸ್ಟರು, ಠಾಣೆಗೆ ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಸಬ್ ಇನ್‌ಸ್ಪೆಕ್ಟರ್. ಒಂದು ಮೂಲೆಯಲ್ಲಿ ಕುರ್ಚಿ ಹಾಕಿ ಬೆಳ್ಳಿಯನ್ನು ಕೂರಿಸಿದರು, ತೊಡೆಯ ಮೇಲೆ ರಶ್ಮಿತಾ. ವೀಲ್‌ಚೇರನ್ನು ಪಿಕಪ್ಪಿನಿಂದ ಇಳಿಸಿ ಹೊತ್ತು ತಂದವನು ನಿಂಗ. ಅದರ ಬೆನ್ನಿನ ಮೇಲೆ ಕೊಟ್ಟವರ ಹೆಸರು ಬರೆಸಿದ್ದರು, ಮಗು ಕೂತರೂ ಹೆಸರು ಕಾಣಬೇಕೆಂದು. ದೂಳು ಕೂತಿತ್ತು. ಒರೆಸು ಎಂದ ರೈಟರ್. ನಿಂಗ ಹೆಗಲ ಟವೆಲ್ ತೆಗೆದು ಒರೆಸುತ್ತಾ ಕೂತ.

ಅಭಿಲಾಷ್ ಬಂದಿರಲಿಲ್ಲ. ಅವನು ನಡೆಸುವ ಹೋಮ್‌ಸ್ಟೇಯಲ್ಲಿ ಗೆಸ್ಟುಗಳಿದ್ದರಂತೆ.

ಮೊಣ್ಣಪ್ಪ ಮೈಕಿನ ಮುಂದೆ ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೆಲ್ಲನೆಯ ದನಿ. ಅವರು ಬೈದದ್ದನ್ನು ಯಾರೂ ಕೇಳಿಲ್ಲ, ಬೈಯಲು ಬೇರೆಯವರನ್ನು ಇಟ್ಟುಕೊಂಡಿದ್ದರು.

"ರಸ್ತೆಯಲ್ಲಿ ಅಪಘಾತ ಆಗುತ್ತದೆ. ಯಾರೋ ಎಲ್ಲಿಂದಲೋ ಬಂದವರು ಗುದ್ದಿ ಹೋಗುತ್ತಾರೆ. ಅದು ನಮ್ಮ ಕೈಯಲ್ಲಿಲ್ಲ. ಆದರೆ ಹೆತ್ತವರ ಜವಾಬ್ದಾರಿ? ಅದು ನಮ್ಮ ಕೈಯಲ್ಲಿದೆ. ಹೆತ್ತವರು ಮಾಡಬೇಕಾದ್ದು ಏನು? ಮಗುವಿನ ಕೈ ಹಿಡಿದು ನಡೆಸಬೇಕು. ಈ ಪುಟ್ಟ ಮಗುವನ್ನು ನೋಡಿ. ನೋಡಿದರೆ ಕರುಳು ಹಿಂಡುತ್ತದೆ. ಇದು ಒಂಟಿಯಾಗಿ ರಸ್ತೆಯಲ್ಲಿ ನಡೆದು ಬರುವಾಗ ತಾಯಿ ಎಲ್ಲಿದ್ದಳು? ತಂದೆ ಎಲ್ಲಿದ್ದ? ಇದು ನಾವೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆ."

ಚಪ್ಪಾಳೆ ಬಿತ್ತು. ಟೀಚರುಗಳು ಮೊದಲು ತಟ್ಟಿದರು, ಮಕ್ಕಳು ಆಮೇಲೆ.

"ನಿಮ್ಮ ತೋಟದಲ್ಲಿದ್ದೆ," ಎಂದಳು ಬೆಳ್ಳಿ.

ಮೈಕಿಲ್ಲದೆ ಹೇಳಿದ್ದು. ಮುಂದಿನ ಸಾಲಿನವರಿಗೆ ಕೇಳಿಸಿತು. ಮೊಣ್ಣಪ್ಪನವರಿಗೂ ಕೇಳಿಸಿತು. ಅವರು ತಿರುಗಿ, ಪಾಪ ಎನ್ನುವಂತೆ ನಕ್ಕು, ಮತ್ತೆ ಮೈಕಿನ ಕಡೆ ತಿರುಗಿದರು. ಬೆಳ್ಳಿ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದು ನಿಂತಳು.

"ಕೇಳಿದ್ರಲ್ಲ ಸಾವ್ಕಾರ್ರೆ, ಹೇಳ್ತೀನಿ. ನಿಮ್ಮ ಕಾಪಿ ಕುಯ್ತಿದ್ದೆ. ಮಗಳ ಕೈ ಹಿಡೀಬೇಕು ಅಂತ ಹೋದ್ರೆ ನಿಮ್ ರೈಟ್ರು ಕೆಲಸದಿಂದ ತೆಗೀತಾರೆ. ನಿಮ್ ಕೊಂಬೆ ಹಿಡ್ಕೊಂಡು ನಿಂತಿದ್ದೆ. ತಾಯಿ ಎಲ್ಲಿದ್ದಳು ಅಂದ್ರಲ್ಲ, ಅಲ್ಲಿದ್ದಳು."

ಹೆಡ್‌ಮಾಸ್ಟರು ಎದ್ದರು. "ಕೂತ್ಕೋಮ್ಮ, ಆಮೇಲೆ ಮಾತಾಡು," ಎಂದರು. ರೈಟರ್ ಸ್ಟೇಜಿನ ಮೆಟ್ಟಿಲಿಗೆ ಬಂದ. ಬೆಳ್ಳಿ ಅವರ ಯಾರ ಕಡೆಗೂ ನೋಡಲಿಲ್ಲ. ಅವಳು ನಿಂಗನನ್ನು ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ. ಇನ್ನು ನಿನ್ನ ಯೋಗ್ಯತೆ ಎಷ್ಟೆಂದು ನೋಡಿಯೇ ಬಿಡುತ್ತೇನೆ ಎನ್ನುವ ನೋಟ.

ನಿಂಗ ವೀಲ್‌ಚೇರಿನ ಗಾಲಿ ಒರೆಸುತ್ತಿದ್ದವನು ಕೈ ನಿಲ್ಲಿಸಿದ. ಟವೆಲನ್ನು ಕುರ್ಚಿಯ ಮೇಲೆ ಹಾಕಿದ. ಎದ್ದ. ಹುಟ್ಟಿದಂದಿನಿಂದ ಇಷ್ಟು ಜನರ ಮುಂದೆ ಅವನು ನೆಟ್ಟಗೆ ನಿಂತಿರಲಿಲ್ಲ.

"ತಂದೆ ಎಲ್ಲಿದ್ದ ಅಂದ್ರಿ," ಎಂದ. ಮೊಣ್ಣಪ್ಪನವರ ಕಡೆ ತಿರುಗಿದ. "ತಂದೆ ನಿಮ್ಮ ಜೀಪು ತೊಳೀತಿದ್ದ."

"ನಿಂಗ, ಕೆಳಗಿಳಿ," ಎಂದ ರೈಟರ್.

"ಯಾವ ಜೀಪು?" ಎಂದ ಸಬ್ ಇನ್‌ಸ್ಪೆಕ್ಟರ್. ಬಾಯಿತಪ್ಪಿ ಕೇಳಿದನೋ, ಕೇಳಬೇಕೆಂದೇ ಕೇಳಿದನೋ, ಬೆಳ್ಳಿಗೆ ಕೊನೆಗೂ ತಿಳಿಯಲಿಲ್ಲ. ಕೇಳಿಯಾಗಿತ್ತು.

"ಇವರದು ಸಾರ್. ಮಗ ಓಡಿಸ್ಕೊಂಡು ಬಂದದ್ದು. ಹಂದಿ ಅಡ್ಡ ಬಂತು, ತೊಳಿ ಅಂದವರು ಇವರು. ತೊಳೆದವನು ನಾನು. ನನ್ ಮಗಳ ರಕ್ತ. ನನ್ ಮಗಳ ಕೂದಲು. ಇದೇ ಕೈ. ಜೈಲಿಗೆ ಹಾಕೋದಾದ್ರೆ ಹಾಕಿ. ಹಂದಿ ಅಲ್ಲ ಸಾರ್ ಅದು."

ಹಿಂದೆ ನಿಂತಿದ್ದ ಕೆಲವರು ಫೋನು ಎತ್ತಿ ಹಿಡಿದಿದ್ದರು. ಮೊಣ್ಣಪ್ಪ ಕೈಗಡಿಯಾರ ನೋಡಿಕೊಂಡರು, ಎಲ್ಲಿಗೋ ಹೋಗಲು ಹೊತ್ತಾಯಿತು ಎನ್ನುವ ಹಾಗೆ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಬೆಳ್ಳಿ ಹತ್ತಿರದಿಂದ ನೋಡಿದಳು. ಇದಕ್ಕಾಗಿ ಬಂದಿದ್ದೆನಾ ಎನಿಸಿತು. ನೋಡುವಂಥದ್ದು ಆ ಮುಖದಲ್ಲಿ ಏನೂ ಇರಲಿಲ್ಲ. ತೊಳೆದಿಟ್ಟ ತಟ್ಟೆಯಂತಿತ್ತು.

ಹೆಡ್‌ಮಾಸ್ಟರು ಯಾರಿಗೋ ಸನ್ನೆ ಮಾಡಿದರು. ಒಬ್ಬ ಮೇಷ್ಟ್ರು ಮೈಕಿಗೆ ಓಡಿ ಬಂದು ವಂದನಾರ್ಪಣೆ ಶುರುಮಾಡಿದ. ಸದಾ ಶಾಲೆಯ ಏಳಿಗೆಯನ್ನೇ ಬಯಸುವ ಕೊಡುಗೈ ದಾನಿಗಳಾದ ಎಂದು ಅವನು ಓದುತ್ತಿರುವಾಗಲೇ ಬೆಳ್ಳಿ ಸ್ಟೇಜು ಇಳಿದಳು. ಗಾಲಿ ಕುರ್ಚಿ ಟವೆಲ್ ಹೊದ್ದುಕೊಂಡು ಅಲ್ಲೇ ನಿಂತಿತ್ತು. ನಿಂಗ ಹಿಂದೆಯೇ ಬಂದ. ಗೇಟಿನ ಹತ್ತಿರ ಕೈ ಚಾಚಿದ. ಬೆಳ್ಳಿ ಒಂದು ಕ್ಷಣ ಅವನ ಕೈಯನ್ನು ನೋಡಿದಳು. ಆಮೇಲೆ ಮಗಳನ್ನು ಕೊಟ್ಟಳು.

ಅಲ್ಲಿಂದ ನೇರ ಠಾಣೆಗೆ ಹೋದರು. ನಂಜಪ್ಪ ಇದ್ದ.

"ಏನಯ್ಯ, ಹೀರೋ ಆಗಿದೀಯಂತೆ. ತೊಳೆದೆ ಅಂತ ಬರ್ಕೊಂಡ್ರೆ ನಿನಗೇ ಕುತ್ತು, ಗೊತ್ತಾ?"

"ಬರ್ಕೊಳಿ ಸಾರ್. ತೊಳೆದೆ ಅಂತ ಬರ್ಕೊಳಿ. ತೊಳಿ ಅಂದವರು ಯಾರು ಅಂತಾನೂ ಬರ್ಕೊಳಿ."

ನಂಜಪ್ಪ ಪೆನ್ನು ಹುಡುಕಿದ. ಪೆನ್ನು ಸಿಗಲಿಲ್ಲ. ಪೇಪರ್ ಇಲ್ಲ ಎಂದ. ಸಾಹೇಬರು ಬರಲಿ ಎಂದ. ಊಟಕ್ಕೆ ಹೋದ, ಬಂದ. ಮೂವರೂ ಠಾಣೆಯ ಜಗಲಿಯ ಮೇಲೆ ಕೂತೇ ಇದ್ದರು. ಸಬ್ ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಆ ಫೋನುಗಳ ವಿಡಿಯೊ ಊರೂರು ಸುತ್ತಿ ಅವನ ಮೇಲಿನವರಿಗೂ ಮುಟ್ಟಿತ್ತು. ಈಗ ಬರೆದುಕೊಳ್ಳದೆ ವಿಧಿಯಿರಲಿಲ್ಲ. ಅವನೇ ಕೂತು ಬರೆದುಕೊಂಡ. ಮಗುವಿನ ಮಾತನ್ನೂ ಕೇಳಿದ. ಎಂತ ಇಲ್ಲ, ಲೈನಿಂದು. ಅದನ್ನು ಬರೆಯುವಾಗ ಅವನ ಪೆನ್ನು ಸ್ವಲ್ಪ ತಡೆಯಿತು. ಅಷ್ಟಕ್ಕೇ ಬೆಳ್ಳಿ ಅವನನ್ನು ಒಳ್ಳೆಯವನೆಂದು ನಂಬಲಿಲ್ಲ.

ಮಾರನೆಯ ದಿನ ಮಹಾದೇವಮ್ಮ ತಾನಾಗಿ ಠಾಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದಳು. ದಾರಿಯಲ್ಲಿ ಬೆಳ್ಳಿಯನ್ನು ಕಂಡು ಕೈ ಹಿಡಿದುಕೊಂಡಳು.

"ಅಂಗ್ಡಿ ಜಾಗ ಅವ್ರದು ಕಣವ್ವ. ಎದ್ರುಕೊಂಡ್ಬುಟ್ಟೆ. ನಿನ್ ಗಂಡ ಅಷ್ಟ್ ಜನದ್ ಮುಂದೆ ಹೇಳ್ದ ಮ್ಯಾಕೆ ನಂಗ್ ಅನ್ನ ಇಳೀನಿಲ್ಲ."

"ಈಗ ನೆನಪಾಯ್ತಾ," ಎಂದಳು ಬೆಳ್ಳಿ. ಕೈ ಬಿಡಿಸಿಕೊಂಡು ಹೋದಳು. ಮಹಾದೇವಮ್ಮ ಅತ್ತಳು. ಅಳಲಿ ಎನಿಸಿತು.

ಜೀಪನ್ನು ಠಾಣೆಗೆ ಎಳೆದುಕೊಂಡು ಹೋದರು. ಅಭಿಲಾಷನನ್ನು ಕರೆಸಿದರು. ಸಂಜೆಗೆ ಜಾಮೀನು ಸಿಕ್ಕಿ ಅವನು ಮನೆಗೆ ಬಂದ. ಠಾಣೆಯಲ್ಲಿ ಅವನಿಗೆ ಕುರ್ಚಿ ಕೊಟ್ಟಿದ್ದರಂತೆ, ಕಾಫಿ ತರಿಸಿದ್ದರಂತೆ. ಕೋರ್ಟು ಎಂದರು. ವರ್ಷಗಟ್ಟಲೆ ಎಂದರು. ನಿಂಗನ ಮೇಲೂ ಏನಾದರೂ ಬರಬಹುದು ಎಂದರು. ಬರಲಿ ಎಂದ ನಿಂಗ. ಅವನು ಈಗ ರಾತ್ರಿ ಅನ್ನ ತಿನ್ನುತ್ತಿದ್ದ. ಬೆಳ್ಳಿ ಎದುರಿಗೇ ಕೂರುತ್ತಿದ್ದಳು. ಮಾತು ಇನ್ನೂ ಕಡಿಮೆಯೇ.

ವಾರ ಕಳೆಯುವುದರಲ್ಲಿ ಲೈನಿನ ಕರೆಂಟು ಹೋಯಿತು. ಇವರೊಬ್ಬರದಲ್ಲ, ಇಡೀ ಲೈನಿನದು. ರೈಟರ್ ಬಂದು ಮೇಲೆ ರಸ್ತೆಯಲ್ಲೇ ನಿಂತು ಕೂಗಿದ.

"ನಿಂಗ, ಬೆಳ್ಳಿ, ಮನೆ ಖಾಲಿ ಮಾಡ್ಬೇಕಂತೆ. ನೀವು ಹೋದ್ರೆ ಉಳಿದೋರಿಗೆ ಕರೆಂಟ್ ಬರುತ್ತೆ."

ಅದು ಅವನ ಜಾಣತನ. ಉಳಿದವರೇ ಇವರನ್ನು ಓಡಿಸಲಿ ಎಂದು. ಲೈನಿನವರೆಲ್ಲ ಬಾಗಿಲಿಗೆ ಬಂದು ನಿಂತರು. ಬೆಳ್ಳಿ ಒಂದೊಂದೇ ಮುಖ ನೋಡಿದಳು. ಇವರಲ್ಲಿ ಯಾರು ಮೊದಲು ಕಣ್ಣು ತಪ್ಪಿಸುತ್ತಾರೆ ಎಂದು ನೋಡಿದಳು. ಕೊನೆಯ ಮನೆಯ ದೊಡ್ಡಿ ಹೊರಗೆ ಬಂದಳು. ಹಲ್ಲಿಲ್ಲದ ಮುದುಕಿ. ಈ ಸಾವ್ಕಾರರ ಅಪ್ಪನ ಕಾಲದಿಂದ ಕಾಫಿ ಕುಯ್ದವಳು.

"ಏ ರೈಟ್ರೆ, ನಮ್ಮಪ್ಪನ ಕಾಲದಲ್ಲಿ ಕರೆಂಟ್ ಎಲ್ಲಿತ್ತು?" ಎಂದಳು. "ಕತ್ತಲು ನಮಗೆ ಹೊಸದಾ? ಹೋಗಿ ಹೇಳು. ನಾಳೆ ಯಾರೂ ಬರಲ್ಲ. ಅವರೇ ಕುಯ್ಕೊಳ್ಳಲಿ."

ರೈಟರ್ ನಕ್ಕು ಹೋದ. ಬೆಳಿಗ್ಗೆ ಅವನ ನಗು ಹೋಯಿತು. ಲೈನಿನಿಂದ ಒಬ್ಬರೂ ಮೇಲೆ ಹತ್ತಲಿಲ್ಲ. ಹಣ್ಣು ಕಪ್ಪಗಾಗುವ ಕಾಲ. ಅಸ್ಸಾಮಿನ ಕೂಲಿಯವರನ್ನು ಕರೆಸುತ್ತೇನೆಂದು ಹೇಳಿದ, ಆದರೆ ಕುಯ್ಲಿನ ಸೀಸನ್ನಿನಲ್ಲಿ ಅವರೆಲ್ಲ ಬೇರೆ ತೋಟಗಳಲ್ಲಿ ಸಿಕ್ಕಿಬಿದ್ದಿದ್ದರು. ಗಿಡದ ಬುಡದಲ್ಲಿ ಹಣ್ಣು ಉದುರಿ ಬಿದ್ದು, ಮೇಲೆ ಇರುವೆ ಹರಿದಾಡಿತು.

ಆಗ ಮೊಣ್ಣಪ್ಪ ತಾವೇ ಬಂದರು. ಆ ಲೈನನ್ನು ಕಟ್ಟಿಸಿದ್ದು ಅವರ ತಂದೆ. ಅಪ್ಪನಾಗಲಿ ಮಗನಾಗಲಿ ಎಂದೂ ಆ ಮೆಟ್ಟಿಲು ಇಳಿದವರಲ್ಲ. ಬೆಳಗಿನ ಮಂಜಿಗೆ ಮಣ್ಣು ಒದ್ದೆಯಾಗಿತ್ತು. ಇಳಿಯುವಾಗ ಕಾಲು ಜಾರಿತು, ಕೈ ಊರಿದರು. ಬಿಳಿ ಅಂಗಿಯ ತೋಳಿಗೆ ಕೆಂಪು ಮಣ್ಣು ಮೆತ್ತಿಕೊಂಡಿತು. ಬಾಗಿಲುಗಳಲ್ಲಿ ನಿಂತಿದ್ದ ಯಾರೂ ಹಿಡಿಯಲು ಹೋಗಲಿಲ್ಲ.

ಬೆಳ್ಳಿ ಜಗಲಿಯ ಮೇಲೆ ಕೂತು ಮಗಳ ಕಾಲು ತೊಡೆಯ ಮೇಲಿಟ್ಟುಕೊಂಡಿದ್ದಳು. ಪಕ್ಕದಲ್ಲಿ ಉಪ್ಪುನೀರಿನ ಬಟ್ಟಲು. ಸಾವ್ಕಾರರು ಬಂದರೆ ಎದ್ದು ನಿಲ್ಲುವುದು ಅವಳ ಅವ್ವನ ಮೈಯಿಂದ ಅವಳ ಮೈಗೆ ಬಂದದ್ದು. ಮೈ ಏಳಲು ಹೋಯಿತು. ಅವಳು ಕೂತೇ ಇದ್ದಳು.

ಅವರು ಅಂಗಳದಲ್ಲಿ ನಿಂತರು. ಕೂರಿ ಎಂದು ಯಾರೂ ಹೇಳಲಿಲ್ಲ. ಕೂರಲು ಏನೂ ಇರಲಿಲ್ಲ.

"ಬೆಳ್ಳಿ, ಏನು ಬೇಕು ನಿಂಗೆ? ಹೇಳು, ಇವತ್ತೇ ಮುಗಿಸುವ," ಎಂದರು.

ಬೆಳ್ಳಿ ಹತ್ತಿಯನ್ನು ನೀರಿಗೆ ಅದ್ದಿ ಹಿಂಡಿದಳು. ಮೊದಲ ಕಂಬಿಯ ಬುಡ ಒರೆಸಿದಳು. ರಶ್ಮಿತಾ ಅವರನ್ನು ನೋಡಿದಳು, ಅವ್ವನ ಕೂದಲು ಹಿಡಿದುಕೊಂಡಳು, ಮುಖ ಹುಗಿಯಲಿಲ್ಲ.

"ನಿಂತ್ಕೊಳಿ," ಎಂದಳು ಬೆಳ್ಳಿ, ತಲೆ ಎತ್ತದೆ. "ಮಗೀಗೆ ಪಟ್ಟಿ ಕಟ್ಟಿ ಆಗ್ಲಿ."

ಬಿಸಿಲು ಏರುತ್ತಿತ್ತು. ಅವಳು ಹೊಸ ಹತ್ತಿ ತೆಗೆದು ಎರಡನೆಯ ಕಂಬಿಗೆ ಹೋದಳು.